ಹೆಸರು ಸರಿಯಾಗಿ ಬರೆಯಿರಿ, ಹಾಡು ಸಿಗುತ್ತದೆ

ಸಿನಿಮಾಗೆ ಸಂಬಂಧವಿಲ್ಲದ ಕನ್ನಡ ಸಂಗೀತ ಬೆಂಗಳೂರಿನಲ್ಲಿ ಎಷ್ಟು ತಯಾರಾಗುತ್ತಿದೆ ಅನ್ನುವುದು ಯೂಟ್ಯೂಬ್ ಮುಖಪುಟ ನೋಡಿದರೆ ಗೊತ್ತಾಗುವುದಿಲ್ಲ. ಸ್ವರಾತ್ಮ, ರಘು ದೀಕ್ಷಿತ್ ಪ್ರಾಜೆಕ್ಟ್ ಥರದ ಬ್ಯಾಂಡುಗಳ ಹೆಸರುಗಳು ಹುಡುಕದೆಯೂ ಎದುರಾಗುತ್ತವೆ. ಆದರೆ ರೂಮಿನಲ್ಲಿ ಒಂದು ಮೈಕು, ಅದನ್ನು ಕಂಪ್ಯೂಟರಿಗೆ ಜೋಡಿಸುವ ಒಂದು ಆಡಿಯೋ ಇಂಟರ್‌ಫೇಸ್ ಇಟ್ಟುಕೊಂಡು ಹಾಡು ಮಾಡಿ, ಕಲಾವಿದರೇ ಹಾಡು ಮಾರುವ ತಾಣವಾದ ಬ್ಯಾಂಡ್‌ಕ್ಯಾಂಪ್‌ಗೋ ಯೂಟ್ಯೂಬ್‌ಗೋ ಏರಿಸಿ ಸುಮ್ಮನಾಗುವವರು ಸುಲಭಕ್ಕೆ ಸಿಗುವುದಿಲ್ಲ. ಹಾಡು ಚೆನ್ನಾಗಿಲ್ಲ ಅಂತಲ್ಲ. ಬಹಳಷ್ಟು ಸಲ ಕಾರಣ ಹೆಸರು. ಹಾಡಿನ ಹೆಸರು, ಹಾಡಿದವರ ಹೆಸರು, ಬರೆದವರ ಹೆಸರು ಒಂದೊಂದು ಕಡೆ ಒಂದೊಂದು ಥರ ಇರುತ್ತವೆ, ಇಲ್ಲವೇ ಇರುವುದೇ ಇಲ್ಲ. ಹುಡುಕುವವರು, ಹಂಚುವವರು, ಹಾಡು ಮಾಡುವವರು ಮೂವರೂ ಹೆಸರಿನ ವಿಷಯದಲ್ಲಿ ಸ್ವಲ್ಪ ಶಿಸ್ತು ಇಟ್ಟುಕೊಂಡರೆ ಎಷ್ಟೋ ಹಾಡು ಬೆಳಕಿಗೆ ಬರುತ್ತವೆ. ಅದನ್ನು ಹೇಗೆ ಮಾಡುವುದು ಅನ್ನುವುದು ಈ ಬರಹ.

ಹುಡುಕುವುದು

ಕನ್ನಡ ಹಾಡಿನ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವುದಕ್ಕೆ ಎಲ್ಲರೂ ಒಪ್ಪಿದ ಪದ್ಧತಿ ನಮ್ಮಲ್ಲಿ ಬಳಕೆಯಲ್ಲಿಲ್ಲ. ‘ತ’ಗೆ ಒಬ್ಬರು ಬರೀ ‘ಟಿ’ ಹಾಕುತ್ತಾರೆ, ಹೆಚ್ಚಿನವರು ‘ಟಿ’ ಪಕ್ಕ ‘ಎಚ್’ ಸೇರಿಸುತ್ತಾರೆ. ದೀರ್ಘಕ್ಕೆ ಎರಡು ‘ಎ’ ಬೇಕೋ ಒಂದು ಸಾಕೋ, ಈ-ಕಾರಕ್ಕೆ ಎರಡು ‘ಇ’ಯೋ ಒಂದು ‘ಐ’ಯೋ, ಅದು ಅವರವರ ಇಷ್ಟ. ‘ಳ’ ಮತ್ತು ‘ಲ’ ಒಂದೇ ಅಕ್ಷರವಾಗಿಬಿಡುತ್ತವೆ, ‘ಣ’ ಮತ್ತು ‘ನ’ ಕೂಡ. ‘ಮಳೆ’ ಅಂತ ಹೆಸರಿಟ್ಟ ಹಾಡನ್ನು ಇಂಗ್ಲಿಷ್ ಅಕ್ಷರದಲ್ಲಿ ಹುಡುಕಿದರೆ ಗಂಡಸರ ಬಗ್ಗೆ ಇರುವ ಪುಟಗಳು, ಮಾಲ್ಡೀವ್ಸ್ ರಾಜಧಾನಿಯ ಪುಟಗಳು ಬರುತ್ತವೆ, ಹಾಡು ಬರುವುದಿಲ್ಲ.

ಹಾಗಾಗಿ ಮೊದಲು ಕನ್ನಡ ಲಿಪಿಯಲ್ಲೇ, ಉದ್ಧರಣ ಚಿಹ್ನೆಯೊಳಗೆ ಹುಡುಕಿ. ಸಿಗದಿದ್ದರೆ ಇಂಗ್ಲಿಷ್ ಅಕ್ಷರಗಳಲ್ಲಿ ಮೂರು ನಾಲ್ಕು ರೂಪ ಬರೆದುಕೊಳ್ಳಿ: ದೀರ್ಘ ಇರುವ ರೂಪ, ಇಲ್ಲದ ರೂಪ, ‘ಎಚ್’ ಸೇರಿದ ರೂಪ, ಸೇರದ ರೂಪ. ಒಂದೊಂದನ್ನೇ ಹುಡುಕಿ. ಹೆಸರಿನ ಮೊದಲ ಪದವೊಂದನ್ನೇ ನಂಬಬೇಡಿ, ಚರಣದ ಒಂದು ಅಪರೂಪದ ಪದ ಸೇರಿಸಿ. ಗೂಗಲ್‌ನಲ್ಲಿ ‘ಮೂವಿ’, ‘ಫಿಲ್ಮ್’ ಪದಗಳ ಮುಂಚೆ ಮೈನಸ್ ಚಿಹ್ನೆ ಹಾಕಿದರೆ ಸಿನಿಮಾ ಹಾಡುಗಳ ರಾಶಿ ಕಡಿಮೆಯಾಗುತ್ತದೆ. ‘ಸೈಟ್’ ಅಂತ ಬರೆದು ಕೋಲನ್ ಹಾಕಿ ಬ್ಯಾಂಡ್‌ಕ್ಯಾಂಪ್ ವಿಳಾಸ ಕೊಟ್ಟರೆ ಆ ತಾಣದೊಳಗೆ ಮಾತ್ರ ಹುಡುಕುತ್ತದೆ. ಯೂಟ್ಯೂಬ್ ಹುಡುಕಾಟದಲ್ಲಿ ‘ಬಿಫೋರ್’ ಅಥವಾ ‘ಆಫ್ಟರ್’ ಬರೆದು ಕೋಲನ್, ವರ್ಷ ಹಾಕಬಹುದು. 2012ಕ್ಕೆ ಮುಂಚಿನದು ಅಂತ ಮಿತಿ ಹಾಕಿದರೆ ಹಳೆಯ ಕಾಲೇಜು ಬ್ಯಾಂಡುಗಳ ರೆಕಾರ್ಡಿಂಗ್‌ಗಳು ಮೇಲೆ ಬರುತ್ತವೆ. ಇಲ್ಲದಿದ್ದರೆ ಅವು ಹೊಸ ವಿಡಿಯೋಗಳ ಕೆಳಗೆ ಹೂತುಹೋಗಿರುತ್ತವೆ.

ಯಾವ ಪದ ಬಳಸಿ ಹುಡುಕುತ್ತೀರಿ ಅನ್ನುವುದೂ ಮುಖ್ಯ. ‘ಇಂಡಿ’ (ಇಂಡಿಪೆಂಡೆಂಟ್, ಸ್ವತಂತ್ರ) ಅನ್ನುವ ಪದ ಇಂದಿರಾನಗರ, ಕೋರಮಂಗಲದ ವೇದಿಕೆಗಳ ಆಸುಪಾಸಿನಲ್ಲಿ ಮಾತ್ರ ಓಡುತ್ತದೆ. ಉಳಿದ ಕರ್ನಾಟಕದಲ್ಲಿ ಸಿನಿಮಾದ್ದಲ್ಲದ ಹಾಡಿಗೆ ‘ಆಲ್ಬಮ್ ಸಾಂಗ್’ ಅನ್ನುತ್ತಾರೆ, ಅದು ಒಂದೇ ಒಂದು ಹಾಡಾಗಿದ್ದರೂ ಸರಿ. ಈ ಎರಡು ಪದ ಹಾಕಿ ನೋಡಿ, ಫಲಿತಾಂಶ ಪೂರ್ತಿ ಬದಲಾಗುತ್ತದೆ. ಹಾಗೆಯೇ ‘ಉತ್ತರ ಕರ್ನಾಟಕ ಜಾನಪದ’, ‘ಜಾನಪದ ಡಿಜೆ’. ಇದನ್ನು ಸ್ವತಂತ್ರ ಸಂಗೀತವೆಂದು ಲೆಕ್ಕಕ್ಕೆ ತೆಗೆದುಕೊಳ್ಳದವರು ಬೆಂಗಳೂರಿನಲ್ಲಿ ತುಂಬ ಜನ ಇದ್ದಾರೆ. ನನಗೆ ಅದು ತಪ್ಪು ಅನ್ನಿಸುತ್ತದೆ. ದೊಡ್ಡ ಕಂಪನಿಯ ಹಂಗಿಲ್ಲದೆ ತಾವೇ ಬರೆದು, ಊರಿನ ಸ್ಟುಡಿಯೋದಲ್ಲಿ ಹಾಡಿ, ತಾವೇ ಏರಿಸಿ, ಲಕ್ಷಗಟ್ಟಲೆ ಜನರನ್ನು ಮುಟ್ಟುತ್ತಿರುವವರು ಅವರು. ಆ ವಿಡಿಯೋಗಳ ವಿವರಣೆಯಲ್ಲಿ ಸಾಹಿತ್ಯ ಯಾರದು, ಗಾಯನ ಯಾರದು, ರೆಕಾರ್ಡಿಂಗ್ ಎಲ್ಲಿ ಅಂತ ಬರೆದಿರುವುದುಂಟು. ನಗರದ ಎಷ್ಟೋ ಬ್ಯಾಂಡುಗಳು ಅಷ್ಟನ್ನೂ ಬರೆಯುವುದಿಲ್ಲ.

ರ‍್ಯಾಪ್ ಹುಡುಕುವವರಿಗೆ ಒಂದು ವಿಶೇಷ ತೊಡಕಿದೆ. ‘ರ‍್ಯಾಪ್’ ಅಂತ ಯ-ಒತ್ತು ಬರುವ ಹಾಗೆ ಬರೆಯಬೇಕಾದರೆ ರ ಆದಮೇಲೆ ಕಣ್ಣಿಗೆ ಕಾಣದ ಒಂದು ಯೂನಿಕೋಡ್ ಅಕ್ಷರ, ಜೀರೋ ವಿಡ್ತ್ ಜಾಯ್ನರ್, ಸೇರಿರಬೇಕು. ಅದು ಇಲ್ಲದಿದ್ದರೆ ‘ರ್ಯಾಪ್’ ಆಗಿ ಅರ್ಕಾವೊತ್ತು ಬರುತ್ತದೆ. ಇನ್ನು ಕೆಲವರು ನೇರ ‘ರಾಪ್’ ಅಂತ ಬರೆಯುತ್ತಾರೆ. ಓದುವವರಿಗೆ ಮೂರೂ ಒಂದೇ, ಕಂಪ್ಯೂಟರಿಗೆ ಮೂರು ಬೇರೆ ಪದ. ಟ್ಯಾಗ್ ಮತ್ತು ಹ್ಯಾಶ್‌ಟ್ಯಾಗ್‌ಗಳಲ್ಲಿ ಇದರ ಪರಿಣಾಮ ನೇರವಾಗಿ ಕಾಣುತ್ತದೆ: ಒಂದು ರೂಪದ ಹಾಡು ಇನ್ನೊಂದು ರೂಪದಲ್ಲಿ ಹುಡುಕಿದವರಿಗೆ ಸಿಗದೆ ಹೋಗುತ್ತದೆ. ಮೂರನ್ನೂ ಹುಡುಕಿ. ಏರಿಸುವವರಾದರೆ ಮೂರನ್ನೂ ಟ್ಯಾಗ್‌ನಲ್ಲಿ ಹಾಕಿ.

ಬ್ಯಾಂಡ್‌ಕ್ಯಾಂಪ್‌ನಲ್ಲಿ ಊರಿನ ಹೆಸರೂ ಟ್ಯಾಗ್ ಆಗಿರುತ್ತದೆ. ‘ಬ್ಯಾಂಗಲೋರ್’ ಒಂದು ಟ್ಯಾಗ್, ‘ಬೆಂಗಳೂರು’ ಇನ್ನೊಂದು, ಎರಡರಲ್ಲೂ ಬೇರೆ ಬೇರೆ ಆಲ್ಬಮ್‌ಗಳಿವೆ. ಆದ್ದರಿಂದ ಎರಡನ್ನೂ ತೆರೆದು, ‘ಹೊಸದು ಮೊದಲು’ ಅಂತ ಜೋಡಿಸಿ ನೋಡಿ. ಹೆಚ್ಚು ಮಾರಾಟವಾದದ್ದು ಮೊದಲು ಅಂತ ಬಿಟ್ಟರೆ ಅದೇ ಹತ್ತು ಹೆಸರು ಮತ್ತೆ ಮತ್ತೆ ಬರುತ್ತವೆ. ಇಷ್ಟವಾದ ಆಲ್ಬಮ್ ಸಿಕ್ಕರೆ ಮುಖಪುಟ ಚಿತ್ರದ ಹತ್ತಿರ ಅದನ್ನು ಕೊಂಡವರ ಪುಟ್ಟ ಚಿತ್ರಗಳಿರುತ್ತವೆ. ಒಂದನ್ನು ಒತ್ತಿದರೆ ಆ ವ್ಯಕ್ತಿ ಕೊಂಡ ಉಳಿದೆಲ್ಲ ಸಂಗೀತ ಕಾಣುತ್ತದೆ. ದುಡ್ಡು ಕೊಟ್ಟು ಕೊಂಡವರ ಪಟ್ಟಿ ಅದು. ಯಂತ್ರದ ಶಿಫಾರಸಿಗಿಂತ ಅದನ್ನು ನಾನು ಹೆಚ್ಚು ನಂಬುತ್ತೇನೆ.

ಇದಕ್ಕಿಂತ ಒಳ್ಳೆಯ ದಾರಿ ಇನ್ನೊಂದಿದೆ: ಕ್ರೆಡಿಟ್ಸ್, ಅಂದರೆ ಹಾಡಿನಲ್ಲಿ ಯಾರು ಏನು ಮಾಡಿದರು ಅನ್ನುವ ಪಟ್ಟಿ, ಓದುವುದು. ಹಾಡು ಇಷ್ಟವಾದರೆ ಹಾಡಿದವರ ಹಿಂದೆ ಮಾತ್ರ ಹೋಗಬೇಡಿ. ಮಿಕ್ಸಿಂಗ್ (ಸದ್ದುಗಳನ್ನು ಹದವಾಗಿ ಬೆರೆಸುವುದು) ಮಾಡಿದವರು ಯಾರು, ಮಾಸ್ಟರಿಂಗ್ (ಬೆರೆಸಿದ್ದಕ್ಕೆ ಕೊನೆಯ ಹದ ಕೊಡುವುದು) ಯಾರು, ಡ್ರಮ್ಸ್ ನುಡಿಸಿದವರು ಯಾರು ನೋಡಿ. ಈ ಊರಿನಲ್ಲಿ ಒಬ್ಬ ಡ್ರಮ್ಮರ್ ಮೂರು ನಾಲ್ಕು ಬ್ಯಾಂಡ್‌ನಲ್ಲಿ ನುಡಿಸುವುದು ಸಾಮಾನ್ಯ, ಒಬ್ಬ ಮಿಕ್ಸಿಂಗ್ ಎಂಜಿನಿಯರ್ ಕೈಯಲ್ಲಿ ಜಾನಪದದಿಂದ ಮೆಟಲ್‌ವರೆಗೆ ಹಾದುಹೋಗುತ್ತದೆ. ಆ ಹೆಸರನ್ನು ಉದ್ಧರಣ ಚಿಹ್ನೆಯಲ್ಲಿ ಹಾಕಿ, ಪಕ್ಕದಲ್ಲಿ ‘ಮಿಕ್ಸ್ಡ್ ಬೈ’ ಅಂತ ಸೇರಿಸಿ ಹುಡುಕಿದರೆ ಎಂದೂ ಕೇಳಿರದ ಆಲ್ಬಮ್‌ಗಳು ಸಿಗುತ್ತವೆ. ಕಾರ್ಯಕ್ರಮಗಳ ಪೋಸ್ಟರ್‌ಗಳೂ ಹೀಗೇ ಉಪಯೋಗಕ್ಕೆ ಬರುತ್ತವೆ. ದೊಡ್ಡ ಅಕ್ಷರದ ಹೆಸರು ಬಿಡಿ, ಕೆಳಗೆ ಸಣ್ಣಕ್ಷರದಲ್ಲಿ ಇರುವ ಮೊದಲ ತಂಡಗಳನ್ನು ಬರೆದುಕೊಳ್ಳಿ. 2012ರಲ್ಲಿ ಶುರುವಾದ ಬ್ಯಾಂಗಲೋರ್ ಓಪನ್ ಏರ್‌ನ ಹಳೆಯ ಪೋಸ್ಟರ್‌ಗಳು ಮೆಟಲ್ ಕೇಳುವವರಿಗೆ ಒಳ್ಳೆಯ ಪಟ್ಟಿ. ಇನ್‌ಸ್ಟಾಗ್ರಾಂ ಸ್ಟೋರಿಯಲ್ಲಿ ಬರುವ ಪೋಸ್ಟರ್ 24 ಗಂಟೆಗೆ ಮಾಯವಾಗುವುದರಿಂದ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ.

ಸಿಕ್ಕ ಚಾನೆಲ್‌ಗಳನ್ನು ಕಳೆದುಕೊಳ್ಳದಿರಲು ಆರ್‌ಎಸ್‌ಎಸ್ ಫೀಡ್, ಅಂದರೆ ತಾಣಕ್ಕೆ ಹೊಸದು ಬಂದಾಗ ತಿಳಿಸುವ ಪಟ್ಟಿ, ಈಗಲೂ ಕೆಲಸ ಮಾಡುತ್ತದೆ. ಯೂಟ್ಯೂಬ್ ಚಾನೆಲ್‌ನ ವಿಳಾಸವನ್ನು ಫೀಡ್ಲಿ ಅಥವಾ ಇನೊರೀಡರ್ ಅನ್ನುವ ಫೀಡ್ ಓದುವ ಆ್ಯಪ್‌ನಲ್ಲಿ ಅಂಟಿಸಿದರೆ ಅದೇ ಫೀಡ್ ಹುಡುಕಿಕೊಳ್ಳುತ್ತದೆ. ವರ್ಷಕ್ಕೊಂದು ಹಾಡು ಹಾಕುವವರನ್ನು ಯೂಟ್ಯೂಬ್ ನಿಮ್ಮ ಮುಂದೆ ತರುವ ಖಾತ್ರಿ ಇಲ್ಲ, ಫೀಡ್ ತರುತ್ತದೆ.

ಇಟ್ಟುಕೊಳ್ಳುವುದು

ಕೊಂಡ ಹಾಡನ್ನು ಇಳಿಸಿಕೊಳ್ಳಿ. ಸೇವೆಗಳು ಮುಚ್ಚುತ್ತವೆ. ನಮ್ಮೂರಿನದೇ ಫ್ಲಿಪ್‌ಕಾರ್ಟ್ 2012ರಲ್ಲಿ ಫ್ಲೈಟ್ ಅನ್ನುವ ಎಂಪಿ3 ಅಂಗಡಿ ತೆರೆದು 2013ರಲ್ಲಿ ಮುಚ್ಚಿತು. ಮೈಸ್ಪೇಸ್ 2003ರಿಂದ 2015ರವರೆಗೆ ಜನ ಏರಿಸಿದ್ದ ಸಂಗೀತವನ್ನು ಸರ್ವರ್ ಬದಲಾವಣೆಯಲ್ಲಿ ಕಳೆದುಕೊಂಡಿತು, ಅದು ಲೋಕಕ್ಕೆ ತಿಳಿದದ್ದು 2019ರಲ್ಲಿ. ಸುಮಾರು 5 ಕೋಟಿ ಹಾಡು ಹೋದವು ಅನ್ನುವ ಅಂದಾಜು. ಆ ಹೊತ್ತಿನಲ್ಲಿ ಬೆಂಗಳೂರಿನ ಬ್ಯಾಂಡುಗಳೂ ಮೈಸ್ಪೇಸ್ ಬಳಸುತ್ತಿದ್ದವು. ಯಾರದೋ ಹಾರ್ಡ್ ಡಿಸ್ಕಿನಲ್ಲಿ ಉಳಿದದ್ದಷ್ಟೇ ಉಳಿದದ್ದು.

ಬ್ಯಾಂಡ್‌ಕ್ಯಾಂಪ್‌ನಲ್ಲಿ ಕೊಂಡಮೇಲೆ ಫಾರ್ಮ್ಯಾಟ್ ಆಯ್ದುಕೊಳ್ಳಬಹುದು. ಇಟ್ಟುಕೊಳ್ಳಲು ಫ್ಲ್ಯಾಕ್, ಫೋನಿಗೆ 320 ಕೆಬಿಪಿಎಸ್ ಎಂಪಿ3. ಸಿಡಿ ಗುಣಮಟ್ಟದ, ಕುಗ್ಗಿಸದ ವೇವ್ ಫೈಲ್, ಅಂದರೆ 44.1 ಕಿಲೋಹರ್ಟ್ಸ್, 16 ಬಿಟ್, ಸ್ಟೀರಿಯೋ, ನಿಮಿಷಕ್ಕೆ ಸುಮಾರು 10 ಎಂಬಿ ಆಗುತ್ತದೆ. ಫ್ಲ್ಯಾಕ್ ಅದರ ಅರ್ಧದಿಂದ ಮುಕ್ಕಾಲಿನೊಳಗೆ ಇರುತ್ತದೆ, ಗುಣಮಟ್ಟ ಒಂದಿಷ್ಟೂ ಕಡಿಮೆಯಾಗದೆ. ಎಲ್ಲಿಂದಲೋ ಬಂದ ಫೈಲ್‌ಗೆ ಫ್ಲ್ಯಾಕ್ ಅನ್ನುವ ಹೆಸರಿದ್ದ ಮಾತ್ರಕ್ಕೆ ನಂಬಬೇಡಿ. ಸ್ಪೆಕ್ ಅನ್ನುವ ಉಚಿತ ಪ್ರೋಗ್ರಾಂನಲ್ಲಿ ತೆರೆದರೆ ಹಾಡಿನ ಆವರ್ತನಗಳ ಚಿತ್ರ ಬರುತ್ತದೆ. 16 ಕಿಲೋಹರ್ಟ್ಸ್ ಹತ್ತಿರ ಚಾಕುವಿನಲ್ಲಿ ಕತ್ತರಿಸಿದ ಹಾಗೆ ನಿಂತಿದ್ದರೆ ಅದು ಬಹುಮಟ್ಟಿಗೆ 128 ಕೆಬಿಪಿಎಸ್ ಎಂಪಿ3ಯನ್ನು ಹಿಗ್ಗಿಸಿದ್ದು. 22 ಕಿಲೋಹರ್ಟ್ಸ್ ಸಮೀಪದವರೆಗೂ ಸದ್ದು ಹರಡಿದ್ದರೆ ಅಸಲಿ ಇರುವ ಸಾಧ್ಯತೆ ಹೆಚ್ಚು. ಹಳೆ ಕ್ಯಾಸೆಟ್‌ನಿಂದ ಬಂದದ್ದಕ್ಕೆ ಈ ಪರೀಕ್ಷೆ ಸರಿಹೊಂದದು, ಕ್ಯಾಸೆಟ್‌ನಲ್ಲೇ ಮೇಲಿನ ಆವರ್ತನಗಳು ಕಡಿಮೆ.

ಫೈಲ್‌ಗೆ ಹೆಸರು, ಸಾಹಿತ್ಯ ಬರೆಯುವಾಗ ಕನ್ನಡ ಲಿಪಿಯಿಂದಾಗಿ ಮೂರು ಸಮಸ್ಯೆಗಳು ಬರುತ್ತವೆ.

ಕನ್ನಡದ ಪ್ರತಿ ಯೂನಿಕೋಡ್ ಅಕ್ಷರ ಯುಟಿಎಫ್-8 ಅನ್ನುವ ಶೇಖರಣೆಯ ಕ್ರಮದಲ್ಲಿ 3 ಬೈಟ್ ತೆಗೆದುಕೊಳ್ಳುತ್ತದೆ, ಸ್ವರಚಿಹ್ನೆ ಮತ್ತು ಹಲಂತ (್) ಪ್ರತ್ಯೇಕ ಲೆಕ್ಕ. ‘ಹಾಡು’ ನೋಡುವುದಕ್ಕೆ ಎರಡಕ್ಷರ, ಬೈಟ್ 12. ಲಿನಕ್ಸ್‌ನಲ್ಲಿ ಫೈಲ್ ಹೆಸರಿನ ಮಿತಿ 255 ಬೈಟ್, ಅಂದರೆ ಇಂಥ 85 ಅಕ್ಷರ. ಹಾಡು, ಗಾಯಕರು, ಕವಿ, ಆಲ್ಬಮ್ ಎಲ್ಲವನ್ನೂ ಫೈಲ್ ಹೆಸರಿನಲ್ಲೇ ತುರುಕಿದರೆ ನಕಲು ಮಾಡುವಾಗ ‘ಹೆಸರು ಉದ್ದವಾಯಿತು’ ಅಂತ ನಿಲ್ಲುತ್ತದೆ. ಹೆಸರು ಚಿಕ್ಕದಿರಲಿ, ಉಳಿದದ್ದು ಟ್ಯಾಗ್‌ನಲ್ಲಿ, ಅಂದರೆ ಫೈಲ್‌ನೊಳಗೆ ಮಾಹಿತಿ ಬರೆಯುವ ಜಾಗದಲ್ಲಿರಲಿ.

ಎಂಪಿ3 ಟ್ಯಾಗ್‌ಗಳಲ್ಲಿ ಹಳೆಯ ಐಡಿ3 ಆವೃತ್ತಿ 1ಕ್ಕೆ ಯೂನಿಕೋಡ್ ಗೊತ್ತಿಲ್ಲ, 30 ಅಕ್ಷರಕ್ಕೆ ಕತ್ತರಿಸುತ್ತದೆ. ಕಾರಿನ ಸ್ಟೀರಿಯೋದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಕಾಣುವುದು ಬಹುಮಟ್ಟಿಗೆ ಇದರಿಂದಲೇ. ಎಂಪಿ3ಟ್ಯಾಗ್ ಪ್ರೋಗ್ರಾಂನಲ್ಲಿ ಬರೆಯುವ ಆವೃತ್ತಿಯನ್ನು 2.3, ಯುಟಿಎಫ್-16 ಅಂತ ಇಡಿ, ಆವೃತ್ತಿ 1 ಬರೆಯುವುದನ್ನು ನಿಲ್ಲಿಸಿ. ಆಮೇಲೂ ಖಾಲಿ ಚೌಕಗಳು ಕಂಡರೆ ಆ ಯಂತ್ರದಲ್ಲಿ ಕನ್ನಡ ಫಾಂಟ್ ಇಲ್ಲ ಅಂತ ಅರ್ಥ, ಅದಕ್ಕೆ ಟ್ಯಾಗ್‌ನಿಂದ ಪರಿಹಾರವಿಲ್ಲ. ಫ್ಲ್ಯಾಕ್ ಟ್ಯಾಗ್‌ಗಳು ಯುಟಿಎಫ್-8ರಲ್ಲೇ ಇರುವುದರಿಂದ ಈ ತಲೆನೋವಿಲ್ಲ.

ಮೂರನೆಯದು ಹಳೆ ನುಡಿ, ಬರಹ ಫಾಂಟ್‌ಗಳ ಸಾಹಿತ್ಯ. ಯೂನಿಕೋಡ್ ಅಲ್ಲದ ಫಾಂಟ್‌ನಲ್ಲಿ ಟೈಪ್ ಮಾಡಿದ ಹಾಡಿನ ಸಾಲುಗಳನ್ನು ಹಾಗೇ ಅಂಟಿಸಿದರೆ ಯೂರೋಪಿನ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ. ಡಿಟಿಪಿ ಮಾಡಿಸಿದ ಸಾಹಿತ್ಯ ಇರುವವರೆಲ್ಲರಿಗೂ ಇದು ಎದುರಾಗುತ್ತದೆ. ಆಸ್ಕಿಯಿಂದ, ಅಂದರೆ ಈ ಹಳೆ ಫಾಂಟ್‌ಗಳಿಂದ, ಯೂನಿಕೋಡ್‌ಗೆ ಬದಲಿಸುವ ಪರಿವರ್ತಕದಲ್ಲಿ ಹಾಕಿ, ನಂತರ ಅರ್ಕಾವೊತ್ತು ಮತ್ತು ಅಂಕಿಗಳನ್ನು ಕಣ್ಣಿನಲ್ಲೇ ಒಮ್ಮೆ ಪರಿಶೀಲಿಸಿ. ಹೆಚ್ಚು ತಪ್ಪು ಉಳಿಯುವುದು ಅಲ್ಲೇ.

ಹಂಚುವುದು

ಬರೀ ಲಿಂಕ್ ಕಳಿಸಿ ‘ಕೇಳಿ, ಸೂಪರ್’ ಅಂದರೆ ಆ ಹಾಡು ಗುಂಪಿನಲ್ಲಿ ಕೊಚ್ಚಿಹೋಗುತ್ತದೆ. ಆರು ತಿಂಗಳಾದಮೇಲೆ ವಿಡಿಯೋ ಅಳಿದರೆ ಅದು ಯಾವ ಹಾಡಾಗಿತ್ತು ಅಂತಲೂ ತಿಳಿಯುವುದಿಲ್ಲ. ಲಿಂಕ್ ಜೊತೆ ನಾಲ್ಕು ಸಾಲು ಬರೆಯಿರಿ. ಹಾಡಿನ ಹೆಸರು ಕನ್ನಡ ಲಿಪಿಯಲ್ಲಿ, ಪಕ್ಕದಲ್ಲೇ ಕಲಾವಿದರು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದುಕೊಂಡಿರುವ ರೂಪ, ಒಂದಕ್ಷರವೂ ಬದಲಿಸದೆ. ಆಮೇಲೆ ಸಾಹಿತ್ಯ, ರಾಗಸಂಯೋಜನೆ, ಗಾಯನ, ವಾದ್ಯ ಯಾರದು. ಆಲ್ಬಮ್ ಮತ್ತು ವರ್ಷ. ಕೊಳ್ಳುವುದಿದ್ದರೆ ಎಲ್ಲಿ. ಕೊನೆಗೆ ನಿಮ್ಮದೇ ಒಂದು ವಾಕ್ಯ: ಎಷ್ಟನೇ ನಿಮಿಷದಲ್ಲಿ ಏನು ಕೇಳಿಸಿಕೊಳ್ಳಬೇಕು. ‘1:35ಕ್ಕೆ ತಮಟೆ ಬಂದಮೇಲೆ ಲಯ ಬದಲಾಗುವುದನ್ನು ಗಮನಿಸಿ’ ಅಂದರೆ ಜನ ಅಲ್ಲಿಯವರೆಗಾದರೂ ಕೇಳುತ್ತಾರೆ. ‘ಸೂಪರ್’ ಅಂದರೆ ಹತ್ತು ಸೆಕೆಂಡಿಗೆ ಮುಂದೆ ಹೋಗುತ್ತಾರೆ.

ಯೂಟ್ಯೂಬ್, ಸ್ಪಾಟಿಫೈ ಎರಡರ ಶೇರ್ ಲಿಂಕ್‌ನಲ್ಲೂ ಪ್ರಶ್ನಾರ್ಥಕ ಚಿಹ್ನೆಯ ನಂತರ ‘ಎಸ್‌ಐ’ ಅಂತ ಶುರುವಾಗುವ ಒಂದು ಬಾಲ ಇರುತ್ತದೆ. ಹಂಚಿಕೆ ಯಾರಿಂದ ಹೊರಟಿತು ಅಂತ ಪತ್ತೆ ಹಚ್ಚುವುದಕ್ಕೆ ಅದು. ಅಳಿಸಿ ಕಳಿಸಿದರೂ ಹಾಡು ತೆರೆಯುತ್ತದೆ. ಯೂಟ್ಯೂಬ್ ಲಿಂಕ್‌ನ ಕೊನೆಗೆ ‘ಟಿ’, ಸಮ ಚಿಹ್ನೆ, ಸೆಕೆಂಡುಗಳ ಸಂಖ್ಯೆ ಸೇರಿಸಿದರೆ ನೇರ ಆ ಜಾಗದಿಂದ ಶುರುವಾಗುತ್ತದೆ. ವಿಳಾಸದಲ್ಲಿ ಆಗಲೇ ಪ್ರಶ್ನಾರ್ಥಕ ಇದ್ದರೆ ‘ಟಿ’ ಮುಂಚೆ ಆ್ಯಂಪರ್ಸಂಡ್ ಚಿಹ್ನೆ ಬೇಕು, ಇಲ್ಲದಿದ್ದರೆ ಪ್ರಶ್ನಾರ್ಥಕವೇ ಬೇಕು. ಇನ್‌ಸ್ಟಾಗ್ರಾಂ ಪೋಸ್ಟಿನ ಶೀರ್ಷಿಕೆಯಲ್ಲಿ ಲಿಂಕ್ ಒತ್ತಲು ಬರುವುದಿಲ್ಲ, ಸ್ಟೋರಿಯ ಲಿಂಕ್ ಸ್ಟಿಕ್ಕರ್ ಅಥವಾ ಬಯೋ ಬಳಸಿ. ಕಲಾವಿದರೇ ಕೇಳಿಕೊಂಡು ಫೈಲ್ ಕಳಿಸಬೇಕಾದರೆ ವಾಟ್ಸ್ಆ್ಯಪ್‌ನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಿ, ಫೈಲ್ ಇದ್ದ ಹಾಗೇ ಹೋಗುತ್ತದೆ.

ಕಳಿಸಬಾರದ್ದೂ ಇದೆ. ಸೌಂಡ್‌ಕ್ಲೌಡ್‌ನ ಖಾಸಗಿ ಲಿಂಕ್, ಯೂಟ್ಯೂಬ್‌ನ ಅನ್‌ಲಿಸ್ಟೆಡ್ (ಹುಡುಕಾಟದಲ್ಲಿ ಕಾಣದ) ಲಿಂಕ್ ನಿಮಗೆ ಸಿಕ್ಕಿದೆ ಅಂದರೆ ಅದು ನಿಮ್ಮ ಅಭಿಪ್ರಾಯಕ್ಕೆ ಬಂದದ್ದು. ಸ್ಪಾಟಿಫೈ ಸಂಪಾದಕರಿಗೆ ಹಾಡು ಸೂಚಿಸಬೇಕಾದರೆ ಅದು ಅಲ್ಲಿ ಇನ್ನೂ ಬಿಡುಗಡೆಯಾಗಿರಬಾರದು. ಬಿಡುಗಡೆಗೆ ಕನಿಷ್ಠ 7 ದಿನ ಮುಂಚೆ ಸೂಚಿಸಿದರೆ ಹಿಂಬಾಲಕರ ರಿಲೀಸ್ ರೇಡಾರ್ ಅನ್ನುವ ಹೊಸ ಹಾಡುಗಳ ಪಟ್ಟಿಗೆ ಅದೇ ಹಾಡು ಹೋಗುತ್ತದೆ. ಇಷ್ಟು ಲೆಕ್ಕ ಹಾಕಿ ದಿನಾಂಕ ಇಟ್ಟುಕೊಂಡವರ ಹಾಡನ್ನು ಮುಂಚೆಯೇ ಊರಿಗೆಲ್ಲ ಹಂಚುವುದು ಅವರ ಶ್ರಮಕ್ಕೆ ನೇರ ಹೊಡೆತ.

ಹೆಚ್ಚು ಜನ ಕೈಹಾಕದ, ಆದರೆ ಬಹುಕಾಲ ಬಾಳುವ ಕೆಲಸವೊಂದಿದೆ: ಮ್ಯೂಸಿಕ್‌ಬ್ರೈನ್ಜ್. ಇದು ಯಾರು ಬೇಕಾದರೂ ತಿದ್ದಬಹುದಾದ ಸಂಗೀತ ದತ್ತಾಂಶ ಕೋಶ. ಉಚಿತ ಖಾತೆ ತೆರೆದು ಕಲಾವಿದರನ್ನು ಸೇರಿಸಿ, ಮುಖ್ಯ ಹೆಸರು ಅವರೇ ಬಳಸುವ ಲಿಪಿಯಲ್ಲಿರಲಿ, ‘ಏಲಿಯಾಸ್’ ಅನ್ನುವ ಜಾಗದಲ್ಲಿ ಉಳಿದ ಎಲ್ಲ ಕಾಗುಣಿತ ರೂಪಗಳನ್ನು ಹಾಕಿ. ಮೇಲೆ ಹೇಳಿದ ದೀರ್ಘ, ‘ಎಚ್’ಗಳ ಗೊಂದಲಕ್ಕೆ ನಾನು ಕಂಡ ಅತ್ಯುತ್ತಮ ಪರಿಹಾರ ಇದು. ಆಮೇಲೆ ಆಲ್ಬಮ್, ಹಾಡುಗಳು, ಸಾಹಿತ್ಯ ಬರೆದವರು, ಮಿಕ್ಸ್ ಮಾಡಿದವರು ಎಲ್ಲರನ್ನೂ ಜೋಡಿಸಬಹುದು. ಪಿಕಾರ್ಡ್ ಅನ್ನುವ ಅವರದೇ ಪ್ರೋಗ್ರಾಂ ನಿಮ್ಮ ಫೈಲ್‌ಗಳಿಗೆ ಈ ಮಾಹಿತಿಯನ್ನು ತಾನೇ ತುಂಬುತ್ತದೆ. ಐದು ಹಾಡಿನ ಒಂದು ಇಪಿ (ಪುಟ್ಟ ಆಲ್ಬಮ್) ಸೇರಿಸಲು ಅರ್ಧ ಗಂಟೆ ಸಾಕು.

ದುಡ್ಡು ಕೊಡುವುದು

ಇಲ್ಲಿ ಒಂದು ಗಂಟು ಇದೆ, ತುಂಬ ಜನರಿಗೆ ಗೊತ್ತಿಲ್ಲ. ಆನ್‌ಲೈನ್ ಪಾವತಿ ಸೇವೆಯಾದ ಪೇಪಾಲ್ 2021ರ ಏಪ್ರಿಲ್ 1ರಿಂದ ಭಾರತದೊಳಗಿನ ಪಾವತಿಗಳನ್ನು ನಿಲ್ಲಿಸಿದೆ. ಬ್ಯಾಂಡ್‌ಕ್ಯಾಂಪ್‌ನಲ್ಲಿ ಪೇಪಾಲ್ ಮೂಲಕ ಹಣ ಪಡೆಯುವ ಬೆಂಗಳೂರಿನ ಕಲಾವಿದರಿಗೆ ಜರ್ಮನಿಯಿಂದ ದುಡ್ಡು ಬರುತ್ತದೆ, ಜಯನಗರದಿಂದ ಬರುವುದಿಲ್ಲ. ಕೊಳ್ಳುವವರು ‘ನನ್ನ ಕಾರ್ಡ್ ಸರಿ ಇಲ್ಲ’ ಅಂದುಕೊಂಡು ಬಿಟ್ಟುಬಿಡುತ್ತಾರೆ.

ಇದಕ್ಕೆ ದಾರಿ ಡೌನ್‌ಲೋಡ್ ಕೋಡ್. ಕಲಾವಿದರು ಬ್ಯಾಂಡ್‌ಕ್ಯಾಂಪ್‌ನ ತಮ್ಮ ಖಾತೆಯಲ್ಲಿ ಆಲ್ಬಮ್‌ಗೆ ಕೋಡ್‌ಗಳನ್ನು ಸೃಷ್ಟಿಸಬಹುದು. ಯುಪಿಐನಲ್ಲಿ ದುಡ್ಡು ತೆಗೆದುಕೊಂಡು ಒಂದು ಕೋಡ್ ಕಳಿಸಿದರೆ ಕೇಳುಗರು ಅದನ್ನು ಬ್ಯಾಂಡ್‌ಕ್ಯಾಂಪ್ ವಿಳಾಸದ ಕೊನೆಗೆ ‘ಯಮ್’ (ವೈಯುಎಂ) ಅಂತ ಇರುವ ಪುಟದಲ್ಲಿ ಹಾಕಿ ಫ್ಲ್ಯಾಕ್ ಇಳಿಸಿಕೊಳ್ಳುತ್ತಾರೆ, ಅವರ ಸಂಗ್ರಹಕ್ಕೂ ಸೇರುತ್ತದೆ. ಕಾರ್ಯಕ್ರಮದ ದಿನ ಬಾಗಿಲ ಹತ್ತಿರ ಕ್ಯೂಆರ್ ಮತ್ತು ಮುದ್ರಿಸಿದ ಕೋಡ್ ಚೀಟಿ ಎರಡೂ ಇಟ್ಟರೆ ಸಿಡಿ ಮಾರಿದಷ್ಟೇ ಸಲೀಸು. ಒಂದು ಕೋಡ್ ಒಬ್ಬರಿಗೆ ಮಾತ್ರ, ಹಾಗಾಗಿ ಒಂದನ್ನೇ ಗುಂಪಿನಲ್ಲಿ ಹಾಕಿದರೆ ಮೊದಲು ನೋಡಿದವರ ಪಾಲಾಗುತ್ತದೆ. ಕೊಟ್ಟದ್ದನ್ನು ಶೀಟ್‌ನಲ್ಲಿ ಗುರುತು ಹಾಕಿಕೊಳ್ಳಿ.

ಹೊರದೇಶದ ಕಲಾವಿದರಿಂದ ಕೊಳ್ಳುವಾಗ ಬ್ಯಾಂಕ್ ಆ್ಯಪ್‌ನಲ್ಲಿ ನಿಮ್ಮ ಕಾರ್ಡಿನ ಅಂತರರಾಷ್ಟ್ರೀಯ ಆನ್‌ಲೈನ್ ವ್ಯವಹಾರದ ಸ್ವಿಚ್ ಆನ್ ಇರಬೇಕು, ಕೊಂಡಮೇಲೆ ಆಫ್ ಮಾಡಿ. ಬ್ಯಾಂಡ್‌ಕ್ಯಾಂಪ್ ಡಿಜಿಟಲ್ ಮಾರಾಟದಲ್ಲಿ 15 ಶೇಕಡಾ ಇಟ್ಟುಕೊಳ್ಳುತ್ತದೆ. ಮಾರಾಟ 5,000 ಡಾಲರ್ ದಾಟಿದರೆ ಅದು 10ಕ್ಕೆ ಇಳಿಯುತ್ತದೆ. 2020ರ ಮಾರ್ಚ್ 20ರಂದು ಶುರುವಾದ ಬ್ಯಾಂಡ್‌ಕ್ಯಾಂಪ್ ಫ್ರೈಡೇ ಅನ್ನುವ ಆಯ್ದ ಶುಕ್ರವಾರಗಳಲ್ಲಿ ಆ ಪಾಲು ತೆಗೆದುಕೊಳ್ಳುವುದಿಲ್ಲ. ಆದರೆ ಆ ಶುಕ್ರವಾರ ಅಮೆರಿಕದ ಪೆಸಿಫಿಕ್ ಸಮಯದ್ದು. ನಮಗೆ ಅದು ಅವರ ಬೇಸಿಗೆ ಕಾಲಮಾನದಲ್ಲಿ ಶುಕ್ರವಾರ ಮಧ್ಯಾಹ್ನ 12:30ಕ್ಕೆ, ಚಳಿಗಾಲದಲ್ಲಿ 1:30ಕ್ಕೆ ಶುರುವಾಗಿ ಶನಿವಾರ ಅದೇ ಹೊತ್ತಿಗೆ ಮುಗಿಯುತ್ತದೆ. ಶುಕ್ರವಾರ ಬೆಳಿಗ್ಗೆ ಕಾಫಿ ಹೊತ್ತಿಗೆ ಕೊಂಡರೆ ಪಾಲು ಕಡಿತವಾಗುತ್ತದೆ.

ಸ್ಟ್ರೀಮಿಂಗ್‌ನಿಂದಲೇ ಸಣ್ಣ ಕಲಾವಿದರಿಗೆ ಸಹಾಯವಾಗುತ್ತಿದೆ ಅಂತ ಅಂದುಕೊಳ್ಳಬೇಡಿ. 2024ರಿಂದ ಸ್ಪಾಟಿಫೈನಲ್ಲಿ ಒಂದು ಹಾಡು ಹಿಂದಿನ 12 ತಿಂಗಳಲ್ಲಿ 1,000 ಸ್ಟ್ರೀಮ್ ಮುಟ್ಟದಿದ್ದರೆ ಆ ರೆಕಾರ್ಡಿಂಗ್‌ಗೆ ರಾಯಲ್ಟಿ ಇಲ್ಲ. 700 ಸಲ ಕೇಳಿಸಿಕೊಂಡ ಒಳ್ಳೆಯ ಕನ್ನಡ ಹಾಡಿಗೆ ಸಿಗುವುದು ಸೊನ್ನೆ. ನೂರು ರೂಪಾಯಿಯ ಒಂದು ಯುಪಿಐ ಪಾವತಿ ಅದಕ್ಕಿಂತ ದೊಡ್ಡದು.

ಹಾಡು ಮಾಡುವವರಿಗೆ

ಕಲಾವಿದರ ಹೆಸರು ಪ್ರತಿ ಬಿಡುಗಡೆಯಲ್ಲೂ ಅದೇ ಲಿಪಿ, ಅದೇ ಕಾಗುಣಿತ. ಒಮ್ಮೆ ಕನ್ನಡದಲ್ಲಿ, ಒಮ್ಮೆ ಇಂಗ್ಲಿಷ್ ಅಕ್ಷರದಲ್ಲಿ ಕೊಟ್ಟರೆ ಸ್ಪಾಟಿಫೈ, ಆ್ಯಪಲ್ ಮ್ಯೂಸಿಕ್‌ನಲ್ಲಿ ಎರಡು ಪುಟವಾಗಿ ಒಡೆಯುತ್ತದೆ, ಹಿಂಬಾಲಕರು ಎರಡಾಗುತ್ತಾರೆ. ಹಾಡನ್ನು ಈ ತಾಣಗಳಿಗೆ ತಲುಪಿಸುವ ವಿತರಕರ ಫಾರ್ಮ್‌ನಲ್ಲಿ ಭಾಷೆಯ ಜಾಗದಲ್ಲಿ ಕನ್ನಡವನ್ನೇ ಆರಿಸಿ, ಇಂಗ್ಲಿಷ್ ಅಂತ ತಾನೇ ತುಂಬಿಕೊಂಡಿದ್ದನ್ನು ಹಾಗೇ ಬಿಡಬೇಡಿ. ಚಿತ್ರ 3000×3000 ಪಿಕ್ಸೆಲ್ ಚೌಕ. ಏರಿಸುವುದು ವೇವ್ ಅಥವಾ ಫ್ಲ್ಯಾಕ್, ಎಂದೂ ಎಂಪಿ3 ಅಲ್ಲ.

ಪ್ರತಿ ರೆಕಾರ್ಡಿಂಗ್‌ಗೂ ಒಂದು ಐಎಸ್‌ಆರ್‌ಸಿ ಅನ್ನುವ ಗುರುತಿನ ಸಂಖ್ಯೆ ಇರುತ್ತದೆ, 12 ಅಕ್ಷರ-ಅಂಕಿಗಳದ್ದು. ವಿತರಕರೇ ಕೊಡುತ್ತಾರೆ. ಅದನ್ನು ಬರೆದಿಟ್ಟುಕೊಳ್ಳಿ. ವಿತರಕರನ್ನು ಬದಲಿಸುವಾಗ ಅದೇ ಸಂಖ್ಯೆ, ಅದೇ ಫೈಲ್, ಅದೇ ಹೆಸರು ಕೊಡದಿದ್ದರೆ ಹಳೆಯ ಸ್ಟ್ರೀಮ್ ಲೆಕ್ಕ ಹೊಸ ಬಿಡುಗಡೆಗೆ ಬರುವುದಿಲ್ಲ. ಯೂಟ್ಯೂಬ್‌ನಲ್ಲಿ ನಿಮ್ಮ ಹಾಡು ಬಳಸಿದ ವಿಡಿಯೋಗಳನ್ನು ತಾನೇ ಪತ್ತೆ ಹಚ್ಚುವ ಕಂಟೆಂಟ್ ಐಡಿ ಸೇವೆಯ ಚೌಕಕ್ಕೆ ಗುರುತು ಹಾಕುವ ಮುಂಚೆ ಯೋಚಿಸಿ. ಹಾಡಿನಲ್ಲಿ ಎಲ್ಲರಿಗೂ ಸಿಗುವ ಲೂಪ್ ಬಳಸಿದ್ದರೆ, ಉದಾಹರಣೆಗೆ ಸ್ಯಾಂಪಲ್ ಪ್ಯಾಕ್‌ನ ತಂಬೂರಿ ಅಥವಾ ಢೋಲಕ್, ಅದೇ ಲೂಪ್ ಬಳಸಿದ ಬೇರೆಯವರ ವಿಡಿಯೋಗಳ ಮೇಲೆ ನಿಮ್ಮ ಹೆಸರಿನಲ್ಲಿ ಹಕ್ಕುದಾವೆ ಬೀಳುತ್ತದೆ. ಅವರು ತಕರಾರು ಎತ್ತಿದರೆ ನಿಮ್ಮ ಖಾತೆಗೂ ತೊಂದರೆ.

ಕವಿತೆಗೆ ರಾಗ ಹಾಕುವುದು ಕನ್ನಡದಲ್ಲಿ ದೊಡ್ಡ ಪರಂಪರೆ. ಹಾಗಾಗಿ ಹಕ್ಕುಸ್ವಾಮ್ಯವನ್ನು ಸರಿಯಾಗಿ ತಿಳಿದಿರಲೇಬೇಕು. 1957ರ ಕಾಯ್ದೆಯ ಪ್ರಕಾರ ಸಾಹಿತ್ಯದ ಹಕ್ಕು ಲೇಖಕರ ಮರಣದ ಮುಂದಿನ ವರ್ಷದಿಂದ 60 ವರ್ಷ. ಬೇಂದ್ರೆ ತೀರಿಕೊಂಡದ್ದು 1981ರಲ್ಲಿ, ಹಾಗಾಗಿ ಅವರ ಕವಿತೆಗಳು 2041ರ ಕೊನೆಯವರೆಗೆ ರಕ್ಷಿತ. ಕುವೆಂಪು 1994, ಅಂದರೆ 2054ರವರೆಗೆ. ಕೆ.ಎಸ್. ನರಸಿಂಹಸ್ವಾಮಿ 2003, ಅಂದರೆ 2063. ಹಾಡುವ ಮುಂಚೆ ಹಕ್ಕುದಾರರ ಬರಹದ ಒಪ್ಪಿಗೆ ಬೇಕು. ವಚನಗಳು, ದಾಸರ ಪದಗಳು, 1889ರಲ್ಲಿ ತೀರಿಕೊಂಡ ಶಿಶುನಾಳ ಶರೀಫರ ತತ್ತ್ವಪದಗಳು ಎಲ್ಲರವು. ಆದರೆ ಮಾತು ಎಲ್ಲರದಾದರೂ ರಾಗ ಎಲ್ಲರದಲ್ಲ. ಶರೀಫರ ಪದಗಳಿಗೆ ಸಿ. ಅಶ್ವಥ್ ಹಾಕಿದ ಧಾಟಿಯಲ್ಲೇ ಹಾಡಿದರೆ ಆ ಸಂಯೋಜನೆಯ ಹಕ್ಕು ಬೇರೆ. ಅಶ್ವಥ್ ತೀರಿಕೊಂಡದ್ದು 2009ರಲ್ಲಿ, ಹಾಗಾಗಿ ಆ ಹಕ್ಕು ಇನ್ನೂ ಇದೆ. ನಿಮ್ಮದೇ ರಾಗ ಹಾಕಿದರೆ ಈ ಪ್ರಶ್ನೆ ಏಳುವುದಿಲ್ಲ, ಹಾಡೂ ಹೊಸದಾಗುತ್ತದೆ.

ಕಾಯ್ದೆಯ 31ಸಿ ಕಲಂ ಕವರ್ ಆವೃತ್ತಿಗೆ, ಅಂದರೆ ಬೇರೆಯವರ ಹಾಡನ್ನು ಮತ್ತೆ ಹಾಡಿ ರೆಕಾರ್ಡ್ ಮಾಡುವುದಕ್ಕೆ, ಅವಕಾಶ ಕೊಡುತ್ತದೆ ಅಂತ ಕೆಲವರು ಹೇಳುತ್ತಾರೆ. ನಿಜ, ಆದರೆ ಮೊದಲ ರೆಕಾರ್ಡಿಂಗ್ ಆದ ವರ್ಷದ ನಂತರ 5 ವರ್ಷ ಕಳೆದಿರಬೇಕು, ಮುಂಚಿತವಾಗಿ ನೋಟಿಸ್ ಕೊಡಬೇಕು, ವರ್ಷಕ್ಕೆ ಕನಿಷ್ಠ 50,000 ಪ್ರತಿಗಳ ಲೆಕ್ಕದಲ್ಲಿ ರಾಯಲ್ಟಿ ಕಟ್ಟಬೇಕು. ಸಣ್ಣ ತಂಡಕ್ಕೆ ನೇರ ಒಪ್ಪಿಗೆ ಕೇಳುವುದೇ ಅಗ್ಗ. ಸ್ವಂತ ಸಾಹಿತ್ಯ, ಸ್ವಂತ ರಾಗ ಇರುವವರು ರಾಯಲ್ಟಿ ಸಂಗ್ರಹಿಸಿ ಹಂಚುವ ಸಂಘವಾದ ಐಪಿಆರ್‌ಎಸ್‌ನ ಸದಸ್ಯರಾಗಿ, 2012ರ ತಿದ್ದುಪಡಿ ಗೀತರಚನಕಾರರ ಮತ್ತು ಸಂಯೋಜಕರ ರಾಯಲ್ಟಿ ಪಾಲನ್ನು ಗಟ್ಟಿ ಮಾಡಿದೆ.

ಉಳಿಸುವುದು

ಬ್ಯಾಂಡ್ ಮುರಿದುಬಿದ್ದು, ವಿತರಕರ ವಾರ್ಷಿಕ ಶುಲ್ಕ ಕಟ್ಟುವವರಿಲ್ಲದೆ ಹಾಡುಗಳು ಎಲ್ಲ ಕಡೆಯಿಂದ ಇಳಿದುಹೋಗುವುದು ಸಾಮಾನ್ಯ. ಅಂಥವಕ್ಕೆ ಇಂಟರ್ನೆಟ್ ಆರ್ಕೈವ್ ಅನ್ನುವ ಉಚಿತ ಸಂಗ್ರಹ ತಾಣ ಒಳ್ಳೆಯ ಜಾಗ, ಆದರೆ ಹಕ್ಕುದಾರರೆಲ್ಲರ ಒಪ್ಪಿಗೆಯೊಂದಿಗೆ. ಹಾಡಿದವರು ‘ಹೂಂ’ ಅಂದರೆ ಸಾಲದು, ಸಾಹಿತ್ಯ ಮತ್ತು ರಾಗ ಬೇರೆಯವರದ್ದಾದರೆ ಅವರದ್ದೂ ಬೇಕು. ಒಪ್ಪಿಗೆ ಇಮೇಲ್‌ನಲ್ಲಿರಲಿ. ಎಲ್ಲರಿಗೂ ಬಳಸಲು, ಹಂಚಲು ಒಪ್ಪಿಗೆ ಕೊಡುವ ಕ್ರಿಯೇಟಿವ್ ಕಾಮನ್ಸ್ ಪರವಾನಗಿ ಹಾಕುವ ಮುಂಚೆ ಅದನ್ನು ಹಿಂದಕ್ಕೆ ಪಡೆಯಲು ಬರುವುದಿಲ್ಲ ಅಂತ ಅವರಿಗೆ ಹೇಳಿ. ‘ಎನ್‌ಸಿ’ ಇದ್ದರೆ ವಾಣಿಜ್ಯ ಬಳಕೆ ಇಲ್ಲ, ‘ಎನ್‌ಡಿ’ ಇದ್ದರೆ ಬದಲಾಯಿಸಿ ಹಂಚುವಂತಿಲ್ಲ, ಅಂದರೆ ರೀಮಿಕ್ಸ್ ಕೂಡ ಇಲ್ಲ.

ಫ್ಲ್ಯಾಕ್ ಅಥವಾ ವೇವ್ ಏರಿಸಿ, ಎಂಪಿ3 ಅದೇ ತಯಾರಿಸಿಕೊಳ್ಳುತ್ತದೆ. ಐಟಂನ ಗುರುತಿನ ಹೆಸರು ಇಂಗ್ಲಿಷ್ ಅಕ್ಷರ, ಅಂಕಿ, ಅಡ್ಡಗೆರೆ, ಚುಕ್ಕಿಗಳಲ್ಲಿ ಮಾತ್ರ ಇರಬೇಕು, ಒಮ್ಮೆ ಕೊಟ್ಟಮೇಲೆ ಬದಲಿಸಲು ಆಗುವುದಿಲ್ಲ. ಬ್ಯಾಂಡ್, ಆಲ್ಬಮ್, ವರ್ಷ ಈ ಕ್ರಮದಲ್ಲಿ ಕೊಡಿ, ಎರಡು ಸಲ ಓದಿ ಒತ್ತಿ. ಶೀರ್ಷಿಕೆ ಕನ್ನಡದಲ್ಲಿರಲಿ. ವಿವರಣೆಯಲ್ಲಿ ಇಂಗ್ಲಿಷ್ ಅಕ್ಷರಗಳ ಎಲ್ಲ ರೂಪಗಳು, ನುಡಿಸಿದವರ ಹೆಸರು, ರೆಕಾರ್ಡ್ ಆದ ಜಾಗ, ವರ್ಷ, ಸಾಹಿತ್ಯ ಪೂರ್ತಿ. ಭಾಷೆಯ ಜಾಗದಲ್ಲಿ ಕನ್ನಡದ ಮೂರಕ್ಷರದ ಸಂಕೇತ ‘ಕೆಎಎನ್’. ಬ್ಯಾಂಡ್‌ನ ಹಳೆಯ ವೆಬ್‌ಸೈಟ್ ಇನ್ನೂ ಬದುಕಿದ್ದರೆ ಅದರ ಪ್ರತಿ ಪುಟವನ್ನೂ ಹಳೆಯ ವೆಬ್ ಪುಟಗಳನ್ನು ಉಳಿಸುವ ವೇಬ್ಯಾಕ್ ಮಷೀನ್‌ನ ‘ಸೇವ್ ಪೇಜ್ ನೌ’ನಲ್ಲಿ ಹಾಕಿ. ಅಲ್ಲಿ ಪುಟದ ಬರಹ, ಚಿತ್ರ ಉಳಿಯುತ್ತದೆ, ಪ್ಲೇಯರ್‌ನೊಳಗಿನ ಹಾಡು ಉಳಿಯುತ್ತದೆ ಅಂತ ನಂಬಬೇಡಿ. ಹಾಡಿನ ಫೈಲ್ ಬೇರೆಯಾಗಿಯೇ ಏರಿಸಬೇಕು. ಮೂಲ ಪ್ರಾಜೆಕ್ಟ್ ಫೈಲ್ ಇದ್ದರೆ ಪ್ರತಿ ವಾದ್ಯದ ಟ್ರ್ಯಾಕನ್ನೂ ಹಾಡಿನ ಸೊನ್ನೆ ಸೆಕೆಂಡಿನಿಂದಲೇ ಶುರುವಾಗುವ ವೇವ್ ಆಗಿ ಹೊರತೆಗೆದು, ಟೆಂಪೋ ಎಷ್ಟು ಅಂತ ಒಂದು ಟೆಕ್ಸ್ಟ್ ಫೈಲಿನಲ್ಲಿ ಬರೆದಿಡಿ. ಸಾಫ್ಟ್‌ವೇರ್ ಬದಲಾದಮೇಲೆ ಪ್ರಾಜೆಕ್ಟ್ ಫೈಲ್ ತೆರೆಯದೆ ಹೋಗಬಹುದು, ವೇವ್ ತೆರೆಯುತ್ತದೆ.